ಕೊನೆಯ ದ್ವೀಪ ಮತ್ತು ಒಂದು ಹಿಡಿ ಜೋಳ

ಪಕ್ಕದ ಮನೆಯವರು ಕಸ ಹೀರುವ ಮಶೀನು ತಂದಿದ್ದಾರೆ. ಇವತ್ತು ಬೆಳಿಗ್ಗೆ ಅದು ಗೊರ್ ಎಂದಿತು. ಇತ್ತ ನನ್ನ ಅಂಗಳದಲ್ಲಿ ನನ್ನ ಬಲಗಾಲು ತಾನಾಗಿ ಮೇಲೆದ್ದಿತು. ಅದನ್ನು ಇಳಿಸಿದರೆ ಎಡಗಾಲು ಎದ್ದಿತು. ಕೈಯಲ್ಲಿ ಕಸಬರಿಗೆ ಹಿಡಿದು ಕೊಕ್ಕರೆಯ ಹಾಗೆ ನಿಂತಿದ್ದೆ. ಕಟ್ಟೆಯ ಮೇಲಿದ್ದ ನನ್ನ ಗಂಡ, ಏನಾಗಿದೆ ನಿನಗೆ ಎಂದು ಕೇಳಿದ. ಏನೂ ಇಲ್ಲ ಎಂದೆ. ಇತ್ತು. ನಿಮಗೆ ಹೇಳುತ್ತೇನೆ, ಕುಳಿತು ಕೇಳಿರಿ. ಆ ಹೊತ್ತಿಗೆ ನನಗೆ ಆರು ತಿಂಗಳಿಂದ ಒಂದು ಕಡೆ ಕೂಡ್ರಲಿಕ್ಕೇ ಆಗುತ್ತಿರಲಿಲ್ಲ.

ನಾನು ಭೂಮಿಯ ಮೇಲಿನ ತುದಿಗೆ ಹೋಗಿ ಬಂದವಳು. ನಮ್ಮ ರಾಯಾಪುರದಲ್ಲಿ ಹೀಗೆಂದರೆ ಜನ ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ನೀವೂ ನೋಡಿದರೆ ನನ್ನದೇನೂ ಅಡ್ಡಿಯಿಲ್ಲ. ಧಾರವಾಡದ ಗೌರಕ್ಕನ ಮನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ರೊಟ್ಟಿ ಬಡಿಯುತ್ತೇನೆ. ಅವರದು ಹತ್ತಿ ವ್ಯಾಪಾರದ ಮನೆತನ. ಗಂಡ ತೀರಿಕೊಂಡಿದ್ದಾರೆ, ಮೊಣಕಾಲು ಎರಡೂ ಕೆಟ್ಟಿವೆ, ನಾಲಿಗೆ ಮಾತ್ರ ಗಟ್ಟಿಯಿದೆ. ಸಾಲೆ ಕಲಿಯುವಾಗ ಯಾವುದೋ ಪುಸ್ತಕದಲ್ಲಿ ಅವರು ಸೂರ್ಯ ಮುಳುಗದ ಹಿಮದ ದ್ವೀಪದ ಚಿತ್ರ ನೋಡಿದ್ದರಂತೆ. ಅಲ್ಲಿ ಒಮ್ಮೆ ಕಾಲಿಡಬೇಕು ಎಂದು ಐವತ್ತೈದು ವರ್ಷ ಹೇಳಿದರು. ಮೊದಲು ಗೋವಾ ನೋಡಿ ಬಾ ಎಂದು ಗಂಡ ನಗುತ್ತಿದ್ದರಂತೆ. ಅವರು ತೀರಿದ ಮೇಲೆ ನಗುವವರು ಉಳಿಯಲಿಲ್ಲ.

ತಂಗಿಯ ಜೊತೆ ಹೋಗುವುದೆಂದು ಗಟ್ಟಿಯಾಗಿತ್ತು. ಎರಡು ತಿಂಗಳಿರುವಾಗ ಆ ತಂಗಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ನನ್ನ ಹತ್ತಿರ ಪಾಸ್‌ಪೋರ್ಟು ಇತ್ತು. ಹಿಂದೊಮ್ಮೆ ಮಾನಸ ಸರೋವರಕ್ಕೆ ಹೋಗೋಣ ಎಂದು ಗೌರಕ್ಕನೇ ಮಾಡಿಸಿದ್ದರು, ಆ ಯಾತ್ರೆ ಆಗಿರಲಿಲ್ಲ. ಅದನ್ನು ನೆನಪಿಸಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. "ಶಿವನ ಮನಿಗೆ ಹೋಗೂದಾಗಲಿಲ್ಲ. ಹಿಮದ ಮನಿಗರ ಹೋಗೂಣು ನಡಿ. ನನ್ನ ಕೈ ಹಿಡದು ಇಳಸಾಕ ಒಬ್ಬಾಕಿ ಬೇಕು" ಎಂದರು. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಆಗಲಿ ಎಂದೆ. ಎಲ್ಲಿಗೆ ಎಂದು ಸರಿಯಾಗಿ ಕೇಳಿದ್ದು ಮರುದಿನ.

ಹೊರಡುವ ದಿನ ನಮ್ಮ ಓಣಿಯ ಹೆಂಗಸರು ನನ್ನ ಉಡಿ ತುಂಬಿದರು. ಗಂಡ ಇದ್ದಾನಲ್ಲ, ಅದಕ್ಕೆ. ಖಣ, ತೆಂಗಿನಕಾಯಿ, ಅರಿಸಿನ ಬೇರು, ಮೇಲೆ ಐದು ಹಿಡಿ ಜೋಳ. ಕಾಯಿಯನ್ನು ಮನೆಯಲ್ಲೇ ಬಿಟ್ಟೆ. ಉಡಿಯ ಜೋಳವನ್ನು ಪೂರಾ ಬಿಟ್ಟು ಹೋಗಬೇಡ, ಒಂದು ಹಿಡಿಯಾದರೂ ಮೈಮೇಲೆ ಇರಲಿ, ಹಾಗೇ ಮನೆಗೆ ತಾ ಎಂದು ಎದುರು ಮನೆಯ ಮುದುಕಿ ಹೇಳಿದಳು. ಒಂದು ಸಣ್ಣ ಬಟ್ಟೆಯಲ್ಲಿ ಒಂದು ಹಿಡಿ ಗಂಟು ಕಟ್ಟಿಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಗೌರಕ್ಕನ ಮನೆಗೆ ಬರುವ ಮೊದಲು ನಾನು ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳು ಹಸನು ಮಾಡುತ್ತಿದ್ದೆ. ಜರಡಿ ಹಿಡಿಯುವುದು, ಕೇರುವುದು, ಚೀಲದಿಂದ ಸೋರಿದ್ದನ್ನು ಬಳಿದು ಆರಿಸುವುದು. ಹದಿನೇಳು ವರ್ಷ. ಮಾತು ಮರೆಯಬಹುದು, ಈ ಕೆಲಸ ಮೈಗೆ ಹತ್ತಿದರೆ ಬಿಡುವುದಿಲ್ಲ. ನೆಲದ ಮೇಲೆ ಕಾಳು ಕಂಡರೆ ನನ್ನ ಕಾಲು ನಿಲ್ಲುತ್ತದೆ, ಸೊಂಟ ಬಗ್ಗುತ್ತದೆ. ಮದುವೆ ಮನೆಗಳಲ್ಲಿ ಅಕ್ಷತೆ ಬಿದ್ದಲ್ಲಿ ನನ್ನನ್ನು ದಾಟಿಸುವುದೇ ಒಂದು ಕೆಲಸ.

ಮೂರು ವಿಮಾನ ಬದಲಿಸಿ ನಾರ್ವೆ ದೇಶದ ಮೇಲ್ತುದಿಗೆ ಹೋಗಿ ಹಡಗು ಹತ್ತಿದೆವು. ದೊಡ್ಡ ಹಡಗಲ್ಲ, ನೂರು ಜನ ಇದ್ದಿರಬೇಕು. ಎಲ್ಲರಿಗೂ ಒಂದೊಂದು ಕೆಂಪು ಕೋಟು ಕೊಟ್ಟರು. ನಾನು ದಪ್ಪ ಪ್ಯಾಂಟಿನ ಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಅದರ ಮೇಲೆ ಆ ಕೋಟು ತೊಟ್ಟೆ. ಗೌರಕ್ಕ ನನ್ನನ್ನು ನೋಡಿ ಅರ್ಧ ಗಂಟೆ ನಕ್ಕರು.

ಹಿಮ ಹೇಗಿತ್ತು ಎಂದು ಎಲ್ಲರೂ ಕೇಳುತ್ತಾರೆ. ಬೆಳ್ಳಗಿತ್ತು. ನೀರಿನಲ್ಲಿ ಮನೆಯಷ್ಟು ದೊಡ್ಡ ಗಡ್ಡೆಗಳು ತೇಲುತ್ತಿದ್ದವು, ಕೆಲವು ಒಳಗಿನಿಂದ ನೀಲಿ. ಹಡಗಿನ ಜನ ಗಂಟೆಗಟ್ಟಲೆ ಸುಮ್ಮನೆ ನಿಂತು ನೋಡುತ್ತಿದ್ದರು. ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ. ಕೋಣೆ ಗುಡಿಸಲು ಒಬ್ಬಳು ಬರುತ್ತಿದ್ದಳು. ಅವಳು ಬರುವಷ್ಟರಲ್ಲಿ ನಾನು ಹಾಸಿಗೆ ಮಡಿಚಿ, ಬಚ್ಚಲು ಉಜ್ಜಿ ಇಟ್ಟಿರುತ್ತಿದ್ದೆ. ಅವಳ ಮುಖ ಸಣ್ಣದಾಗುತ್ತಿತ್ತು. ಅಲ್ಲಿ ಸಂಜೆ ಎಂಬುದೇ ಇಲ್ಲ. ಸೂರ್ಯ ಮೂಲೆಯಿಂದ ಮೂಲೆಗೆ ತಿರುಗುತ್ತಾನೆ, ಕೆಳಗಿಳಿಯುವುದಿಲ್ಲ. ಸಂಜೆಯಾಗದಿದ್ದರೆ ಇವತ್ತಿನ ಕೆಲಸ ಮುಗಿಯಿತು ಎಂದು ಹೇಗೆ ಹೇಳುವುದು? ನಾನು ಹಡಗನ್ನೇ ಸುತ್ತುತ್ತಿದ್ದೆ. ಗಾಣದ ಎತ್ತಿಗೂ ನನಗೂ ವ್ಯತ್ಯಾಸವೆಂದರೆ ನನ್ನದು ಕೆಂಪು ಕೋಟು.

ದ್ವೀಪಕ್ಕೆ ಇಳಿಯುವುದು ರಬ್ಬರಿನ ದೋಣಿಯಲ್ಲಿ. ಇಳಿಯುವ ಮುನ್ನ ಎಲ್ಲರ ಬೂಟು, ಬಟ್ಟೆಯ ಅಂಚು, ಕಿಸೆ ಎಲ್ಲವನ್ನೂ ಆ ಹೀರುವ ಮಶೀನಿನಿಂದ ಹೀರುತ್ತಾರೆ. ಒಂದು ಕಾಲು ಎತ್ತು, ಇನ್ನೊಂದು ಎತ್ತು. ಬೇರೆ ನಾಡಿನ ಒಂದು ಬೀಜವೂ ಆ ಮಣ್ಣಿಗೆ ಬೀಳಬಾರದಂತೆ. ಮೊದಲ ಸಲ ಹೀರಿಸಿಕೊಂಡು ನಿಂತಾಗ ದಂಡೆಯಲ್ಲಿ ಬಿಳಿ ಕರಡಿ ಕಂಡಿತು, ಇಳಿಸಲಿಲ್ಲ. ಎರಡನೆಯ ಸಲ ಗಾಳಿ. ಉಳಿದದ್ದು ಒಂದೇ ದ್ವೀಪ, ಕೊನೆಯದು. ಅಂದು ಗೌರಕ್ಕ ಎಲ್ಲರಿಗಿಂತ ಮೊದಲು ಎದ್ದು, ಪೂಜೆ ಮುಗಿಸಿ, ಕೋಲು ಹಿಡಿದು ಬಾಗಿಲಲ್ಲಿ ಕುಳಿತಿದ್ದರು. ಅವರ ಕೆಟ್ಟ ಮೊಣಕಾಲು ನೋಡಿ ನನಗೆ ದೋಣಿಯ ಭಯ ಹತ್ತಿತು. ಅವತ್ತು ಮಾತ್ರ ಪೆಟ್ಟಿಗೆಯಿಂದ ಆ ಜೋಳದ ಗಂಟು ತೆಗೆದು ಕೋಟಿನ ಒಳಕಿಸೆಯಲ್ಲಿ ಇಟ್ಟುಕೊಂಡೆ. ಇಬ್ಬರೂ ಸುಖವಾಗಿ ಹತ್ತಿ ಇಳಿಯುವಂತಾಗಲಿ ಎಂದು.

ನಮ್ಮದು ಕೊನೆಯ ದೋಣಿ. ಮಶೀನಿನವಳು ಕಿಸೆಯಲ್ಲಿ ಕೈ ಹಾಕಿ ಗಂಟು ತೆಗೆದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಗೌರಕ್ಕ ನನಗೆ ಹೇಳಿದರು: "ಡಬ್ಬ್ಯಾಗ ಇಡ್ತಾಳಂತ. ಹೊಳ್ಳಿ ಬಂದ ಮ್ಯಾಲ ಕೊಡ್ತಾಳಂತ. ಕೊಟ್ಟುಬಿಡು." ಅಮರಗೋಳದಲ್ಲಿ ಹಾಗೆಂದವರು ಯಾರೂ ಹೊಳ್ಳಿ ಕೊಟ್ಟಿಲ್ಲ ಎಂದೆ. ಉಡಿಯ ಜೋಳ ಬೇರೆಯವರ ಕೈಗೆ ಕೊಡುವುದಿಲ್ಲ ಎಂದೆ. ಅವಳು ಹಿಡಿದಿದ್ದಳು, ನಾನು ಎಳೆದೆ. ಗಂಟು ಬಿಚ್ಚಿತು. ಕಾಳು ಸರ್ರನೆ ನೆಲದ ತುಂಬಾ ಹರಡಿದವು.

ಅವಳು ಮಶೀನಿನ ಕೊಳವೆ ತಂದಳು. ಎರಡು ನಿಮಿಷದ ಕೆಲಸ. ನಾನು ಕೊಳವೆಯನ್ನು ನೂಕಿ ನೆಲಕ್ಕೆ ಕುಳಿತೆ. ಒಂದೊಂದೇ ಕಾಳು ಆರಿಸತೊಡಗಿದೆ. ಯಾರೂ ತುಳಿಯದ ಹಾಗೆ ಎರಡೂ ಕೈ ಅಗಲಿಸಿ ಆರಿಸಿದೆ. ಬೂಟಿನ ಸಂದಿಯಲ್ಲಿ, ಕಬ್ಬಿಣದ ಸೀಳಿನಲ್ಲಿ, ಗೌರಕ್ಕನ ಕೋಲಿನ ಬುಡದಲ್ಲಿ. ಹೊರಗೆ ದೋಣಿಯವನು ಮೂರು ಸಲ ಕರೆದ. ನನಗೆ ಕೇಳಿಸಿತು, ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೌರಕ್ಕ ಒಂದೇ ಸಲ, "ಆತೇನು?" ಎಂದರು. ಆರಿಸಿ ಮುಗಿಸಿ ತಲೆ ಎತ್ತಿ ನೋಡಿದರೆ ಮಂಜು ಬಂದಿತ್ತು. ದ್ವೀಪದ ಕಪ್ಪು ಗುಡ್ಡ ಅರ್ಧ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ. ಇನ್ನು ದೋಣಿ ಹೋಗುವುದಿಲ್ಲ ಎಂದು ಹಡಗಿನವರು ಹೇಳಿದರು. ಮೊದಲು ಹೋದವರನ್ನೂ ಕರೆತಂದರು.

ಗೌರಕ್ಕ ಕೋಣೆಗೆ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಬೈಯಲಿಲ್ಲ. ಹಡಗಿನಲ್ಲಿ ಬೈಯಲಿಲ್ಲ, ವಿಮಾನದಲ್ಲಿ ಬೈಯಲಿಲ್ಲ, ಧಾರವಾಡಕ್ಕೆ ಬಂದ ಮೇಲೂ ಬೈಯಲಿಲ್ಲ. ಕೇಳಿದವರಿಗೆಲ್ಲ ಮಂಜಿನ ಕಥೆ ಹೇಳಿದರು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ನನ್ನ ಅಜ್ಜಿಯ ತನಕ ಹೋಗಿ ಬೈದು ಬರುವ ಹೆಂಗಸು. ಆ ಜೋಳವನ್ನು ನಾನು ಊರಿಗೆ ತಂದು, ಬೀಸಿ, ಮನೆಯ ಹಿಟ್ಟಿಗೆ ಸೇರಿಸಿ ರೊಟ್ಟಿ ಬಡಿದು ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಬಹುದು, ಆದರೆ ಇಳಿಯಿತು. ಒಂದು ಕಡೆ ಕೂಡ್ರುವುದು ಮಾತ್ರ ಆಗಲಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆಯುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತು ಹೋಗುತ್ತಿದ್ದೆ. ಅವರ ಬಾಯಿಂದ ಆ ಬೈಗುಳ ಬೀಳಲಿ ಎಂದು ಬೇಕೆಂದೇ ಪಲ್ಯ ಸೀಯಿಸಿದೆ. ಪಲ್ಯಕ್ಕೆ ಬೈದರು, ಅಷ್ಟೇ.

ಇವತ್ತು ಕೊಕ್ಕರೆಯ ಹಾಗೆ ನಿಂತ ಮೇಲೆ ಕೆಲಸಕ್ಕೆ ಹೋದೆ. ಮಧ್ಯಾಹ್ನ ಗೌರಕ್ಕನ ಮನೆಗೆ ಇಬ್ಬರು ಬೀಗರು ಬಂದರು. ಫೋಟೋ ತೋರಿಸುತ್ತ ಗೌರಕ್ಕ ಹೇಳುತ್ತಿದ್ದರು: ಇಳಿಯಲು ನಿಂತಿದ್ದೆವು, ಮಂಜು ಬಂತು, ನಮ್ಮ ನಶೀಬದಲ್ಲಿ ಇರಲಿಲ್ಲ. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದೆ.

"ಮಂಜು ಆಮ್ಯಾಲೆ ಬಂತರಿ. ಮದ್ಲ ನಾ ಅಡ್ಡ ಕುಂತಿದ್ದೆ" ಎಂದೆ. ಪೂರ್ತಿ ಹೇಳಿದೆ. ಬೀಗರು ಚಹಾ ಲಗುಬಗೆಯಿಂದ ಕುಡಿದು ಎದ್ದರು.

ಬಾಗಿಲು ಹಾಕಿ ಬಂದಾಗ ಗೌರಕ್ಕ ಕೇಳಿದರು, "ಮಂದಿ ಮುಂದ ಯಾಕ ಹೇಳಿದಿ?"

"ನೀವು ಬೈಲಿಲ್ಲಲ್ರಿ. ಉಪ್ಪಿಗೆ ಬೈತೀರಿ, ಹೊತ್ತಿದ ರೊಟ್ಟಿಗೆ ಬೈತೀರಿ. ಇಷ್ಟು ದೊಡ್ಡದಕ್ಕ ಒಂದು ಮಾತಿಲ್ಲ. ನಾ ಏನ್ ತಿಳ್ಕೋಬೇಕು?"

"ಹಡಗದಾಗ ಬೈದ್ರ ನೀ ಎಲ್ಲಿಗೆ ಹೋಗ್ತಿದ್ದಿ? ಇಲ್ಲಾದ್ರ ಅಡಗಿಮನಿಗೆ ಹೋಗಿ ಪಾತ್ರಿ ಬಡೀತಿ. ಅಲ್ಲಿ ಸುತ್ತ ನೀರು."

"ಈಗ ಧಾರವಾಡದಾಗ ಅದೇವಲ್ರಿ."

ಅವರು ಕೋಲನ್ನು ಗೋಡೆಗೆ ಆನಿಸಿ ಇಟ್ಟರು. ಆಮೇಲೆ ಬಾಯಿ ತೆರೆದರು. "ಖೋಡಿ. ನಾಕು ಮೆಟ್ಲ ಇತ್ತು. ನಾಕು ಮೆಟ್ಲ ಇಳದ್ರ ದೋಣಿ. ಐವತ್ತೈದು ವರ್ಷದ್ದು ಆ ಮೆಟ್ಲಕ್ಕ ಬಂದು ನಿಂತಿತ್ತು. ನೀ ನೆಲದ ಮ್ಯಾಲ ಕುಂತು ಕಾಳು ಆರಸಾಕತ್ತಿದ್ದಿ. ಇನ್ನೊಮ್ಮೆ ಹೋಗಂದ್ರ ಈ ಕಾಲು ಒಯ್ತಾವೇನು?"

ಅಲ್ಲಿಂದ ಮುಂದೆ ಹೇಳುವಂಥದ್ದಲ್ಲ. ನನ್ನ ತವರು, ನನ್ನ ಅಮರಗೋಳ, ಉಡಿ ತುಂಬಿದ ಓಣಿಯ ಹೆಂಗಸರು, ಯಾರೂ ಉಳಿಯಲಿಲ್ಲ. ಕಣ್ಣಲ್ಲಿ ನೀರಿತ್ತು, ದನಿ ಒಂದಿಷ್ಟೂ ಇಳಿಯಲಿಲ್ಲ. ತಪ್ಪಾಯಿತು ಎಂದೆ. ಹೋಗಲಿ ಬಿಡು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, ಖಾಲಿ ಕಪ್ಪು-ಬಸಿಗಳನ್ನು ಎತ್ತಿಕೊಂಡು ಒಳಗೆ ಹೊರಟೆ.

"ಎಲ್ಲಿಗೆ ಹೊಂಟಿ? ಕುಂಡ್ರು. ಇನ್ನೂ ಮುಗದಿಲ್ಲ."

ಬಸಿ ಕೆಳಗಿಟ್ಟು ಅವರ ಎದುರಿಗೆ ಕುಳಿತೆ. ಚಕ್ಕಳಮಕ್ಕಳ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕುಳಿತೆ.