ಮೊಂಬಾಸಾದ ಮರುದಿನದ ಸಾರು

ಮೋನಪ್ಪನ ಹಡಗು ಬಂದಿದೆಯೆಂದು ದಾದರ್‌ನ ಆ ಚಾಳಿನವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಾರಿಜಾ ಇದ್ದಿಲ ಒಲೆಯನ್ನು ಗ್ಯಾಲರಿಗೆ ತಂದಿಟ್ಟು, ತೆಂಗಿನಕಾಯಿ ಮೇಲೆ ತೆಂಗಿನಕಾಯಿ ಒಡೆದು ತುರಿಯಲು ಕುಳಿತಳೆಂದರೆ ಸಾಕು. ಉಳಿದ ದಿನಗಳಲ್ಲಿ ಅರ್ಧ ಕಾಯಿಯನ್ನು ವಾರವಿಡೀ ಎಳೆದಾಡುವ ಹೆಂಗಸು ಅವಳು.

ಮೂಲ್ಕಿಯ ಕಡೆಯ ವಾರಿಜಾ ಮದುವೆಯಾಗಿ ಮುಂಬಯಿಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಗಂಡ ಸ್ಟೀಮರುಗಳ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವವನು. ವರ್ಷದಲ್ಲಿ ಹೆಚ್ಚು ಕಾಲ ನೀರಿನ ಮೇಲೆ, ಸ್ವಲ್ಪ ಕಾಲ ಮನೆಯಲ್ಲಿ. ಮಕ್ಕಳಾಗಲಿಲ್ಲ. ಡಾಕ್ಟರೂ ಆಯಿತು, ಹರಕೆಯೂ ಆಯಿತು. ಆಮೇಲೆ ಇಬ್ಬರೂ ಆ ಮಾತು ಎತ್ತುವುದನ್ನೇ ಬಿಟ್ಟರು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಮೋನಪ್ಪ ಹಡಗು ಬಿಡಬೇಕು, ಕಾಂದಿವಲಿಯ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ಹಿಡಿಯಬೇಕು, ಸಂಜೆ ಲೋಕಲ್ ಹತ್ತಿ ಮನೆಗೆ ಬರುವ ಗಂಡ ತನಗೂ ಇರಬೇಕು. ಅವನೂ ಪ್ರತಿ ಸಲ, "ಇದೊಂದು ಟ್ರಿಪ್ ಮಾರಾಯ್ತಿ, ಆಮೇಲೆ ಬಿಟ್ಟೆ" ಎನ್ನುತ್ತಿದ್ದ. ಅವಳು ನಂಬುತ್ತಿದ್ದಳು. ನಂಬದೆ ಮಾಡುವುದಾದರೂ ಏನು?

ಮೋನಪ್ಪ ತಿಂಡಿಪೋತ, ಅದಕ್ಕಿಂತ ದೊಡ್ಡ ಮಾತುಗಾರ. ಉಳಿದವರು ಪರದೇಶದಿಂದ ಗಡಿಯಾರ, ಸೆಂಟು ತಂದರೆ ಇವನು ತರುತ್ತಿದ್ದದ್ದು ರುಚಿಯ ಸುದ್ದಿ. ಬಸ್ರಾದಲ್ಲಿ ಹೊಳೆಮೀನನ್ನು ಬೆನ್ನಿನಿಂದ ಸೀಳಿ ಬೆಂಕಿಯ ಸುತ್ತ ನಿಲ್ಲಿಸಿ ಸುಡುವ ಒಕ್ಕಣ್ಣಿನ ಮುದುಕ. ರಂಗೂನಿನಲ್ಲಿ ಹೆಗಲ ಕಾವಡಿಯಲ್ಲಿ ಇಡೀ ಅಂಗಡಿಯನ್ನೇ ಹೊತ್ತು ಬಂದು ತೆಂಗಿನ ಹಾಲಿನ ಶಾವಿಗೆ ಬಡಿಸುವ ಹೆಂಗಸು. ಆಫ್ರಿಕಾದ ಮೊಂಬಾಸಾ ದಂಡೆಯಲ್ಲಿ ಮರಗೆಣಸು ಸುಟ್ಟು, ಉಪ್ಪು ಮೆಣಸು ಲಿಂಬೆ ತಿಕ್ಕಿ ಕೊಡುವ ಕುಳ್ಳ. ಅವರು ಕೂಗುವುದು, ಬೈಯುವುದು, ಚಿಲ್ಲರೆ ಇಲ್ಲವೆಂದು ಮೋಸ ಮಾಡುವುದು ಎಲ್ಲವನ್ನೂ ಮೋನಪ್ಪ ಗ್ಯಾಲರಿಯಲ್ಲಿ ನಿಂತು ಆಡಿ ತೋರಿಸುತ್ತಿದ್ದ. ವಾರಿಜಾ ಕೇಳಿಕೊಂಡೇ ಮಾಡಿ ಬಡಿಸುತ್ತಿದ್ದಳು. ಒಂದು ಸಲ ಆಫ್ರಿಕಾದವರಂತೆ ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದಾಗ ಪಕ್ಕದ ಕೋಣೆಯ ಗಂಗುಬಾಯಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಕೆ ಧಾರವಾಡದವಳು, ಗಂಡ ಫೋರ್ಟಿನ ಬ್ಯಾಂಕಿನಲ್ಲಿ ಗುಮಾಸ್ತ, ಮೀನೆಂದರೆ ಮೂಗು ಮುಚ್ಚುವವಳು.

"ಅಯ್ಯ ಶಿವನ, ತೊಗರಿಗೆ ತೆಂಗಿನ ಹಾಲೇನ್ರೀ ವಾರಿಜಾಬಾಯಿ? ನಮ್ಮ ಕಡೆ ಕೇಳಿದ್ರ ನಗತಾರ."

ನಗುತ್ತಲೇ ಎರಡು ಸಲ ಹಾಕಿಸಿಕೊಂಡಳು.

ಆಮೇಲೆ ಅವನಿಗೆ ಆಫ್ರಿಕಾ ಲೈನಿನ ಹಡಗೇ ಖಾಯಂ ಆಯಿತು, ಬಸ್ರಾ ರಂಗೂನು ಮಾತಿನಿಂದ ಬಿದ್ದುಹೋದವು. ಅದೇನೋ ಸರಿ. ಆದರೆ ಮೊಂಬಾಸಾದ ಕತೆಗಳೂ ಬದಲಾದವು. ಒಂದು ಸಂಜೆ, ಕೆಂಡದ ಮೇಲೆ ಸುಟ್ಟ ಮೀನನ್ನು ಹುಣಸೆಹುಳಿ ಹಾಕಿದ ದಪ್ಪ ತೆಂಗಿನ ಹಾಲಿನಲ್ಲಿ ಕುದಿಸುವ ಸಾರಿನ ಬಗ್ಗೆ ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಾಗ ಗಂಗುಬಾಯಿ ಬಾಗಿಲಿನಿಂದಲೇ ಕೇಳಿದಳು:

"ಇದನ್ನ ಯಾವ ಹೊಟೇಲ್ದಾಗ ತಿಂದ್ರಿ ಅಣ್ಣಾರ?"

"ಅಲ್ಲೇ, ಬಂದರದ ಹತ್ತಿರ ಒಂದು ಕಡೆ" ಎಂದು ಮೋನಪ್ಪ ನೀರಿನ ಚೊಂಬು ಎತ್ತಿದ.

ಬಸ್ರಾದ ಮುದುಕನ ಕುರುಡು ಕಣ್ಣು ಎಡದ್ದೋ ಬಲದ್ದೋ ಎಂದು ನೆನಪಿಟ್ಟ ಮನುಷ್ಯನಿಗೆ ಈ ಸಾರು ಬಡಿಸಿದವರ ಮುಖ ಹೇಗಿತ್ತೆಂದು ಹೇಳಲು ಬರಲಿಲ್ಲ. ವಾರಿಜಾ ಗಮನಿಸಿದಳು. ಗಮನಿಸಿ, ತನ್ನದೇ ತಪ್ಪು ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು.

ಮೋನಪ್ಪ ಮುಂದಿನ ಸಲ ಬಂದಾಗ ಅವಳು ಅದೇ ಸಾರು ಮಾಡಿದಳು. ಅವನು ಉಂಡು, ಬೆರಳು ನೆಕ್ಕಿ, ಅನುಮಾನದಿಂದ ತಲೆಯಾಡಿಸಿದ.

"ಒಳ್ಳೆದಾಗಿದೆ. ಆದರೆ ಇದರ ರುಚಿ ಇವತ್ತು ಗೊತ್ತಾಗುವುದಿಲ್ಲ. ರಾತ್ರಿ ಮಣ್ಣಿನ ಮಡಕೆಯಲ್ಲೇ ಇಟ್ಟು ಬೆಳಿಗ್ಗೆ ತಿನ್ನಬೇಕು. ಮರುದಿನದ ಸಾರೇ ಸಾರು."

ವಾರಿಜಾ ಸೌಟನ್ನು ಕೆಳಗಿಟ್ಟಳು. ನಿನ್ನೆಯ ಮೀನುಸಾರು, ಬೆಳಗಿನ ಗಂಜಿ: ಅದರ ಮುಂದೆ ಇನ್ನೊಂದಿಲ್ಲವೆಂದು ಅವಳ ಊರಿನಲ್ಲಿ ಕೂಸಿಗೂ ಗೊತ್ತು. ಆದರೆ ಅದು ಮನೆಯವರ ಪಾಲು. ನೆಂಟರ ಎಲೆಗೆ ಬಡಿಸಿದರೆ ಮರ್ಯಾದೆ ಹೋಯಿತು. ಹೊಟೇಲಿನವನು ಬಡಿಸಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ನಿನ್ನೆಯ ಸಾರು ಸಿಗಬೇಕಾದರೆ ನಿನ್ನೆ ರಾತ್ರಿಯೂ ಆ ಮನೆಯಲ್ಲೇ ಇದ್ದಿರಬೇಕು. ಬಂದರದಲ್ಲಿ ಇಳಿದ ಗಂಡಸರು ಎಲ್ಲೆಲ್ಲಿಗೆ ಹೋಗುತ್ತಾರೆಂದು ಅವಳಿಗೆ ತಿಳಿಯದ್ದೇನಲ್ಲ, ಅದಕ್ಕೆ ಮನಸ್ಸನ್ನು ಎಂದೋ ಗಟ್ಟಿ ಮಾಡಿಕೊಂಡಿದ್ದಳು. ಅಂಥ ಕಡೆ ಯಾರೂ ಬೆಳಿಗ್ಗೆ ಕೂರಿಸಿ ಬಡಿಸುವುದಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಕೇಳಿದರೆ ಅವನು ನಿಜ ಹೇಳಿಬಿಟ್ಟಾನೆಂಬ ಹೆದರಿಕೆ. ಅದಕ್ಕೇ ಕೇಳಲಿಲ್ಲ. ಅವನು ಹೋದ ಮೇಲೆ ಒಬ್ಬಳೇ ಕೂತು ಆ ಸಾರನ್ನು ಮತ್ತೆ ಮತ್ತೆ ಮಾಡಿದಳು. ಹುಳಿ ಹೆಚ್ಚಿಸಿ ನೋಡಿದಳು, ಇಳಿಸಿ ನೋಡಿದಳು. ಎಂದೂ ಕಾಣದ ಹೆಂಗಸೊಬ್ಬಳನ್ನು ಕೈರುಚಿಯಲ್ಲಿ ಗೆಲ್ಲಬೇಕೆಂಬ ಹುಚ್ಚು. ಪಾಪ, ಅವಳಿಗೆ ಬೇರೆ ಆಯುಧ ಯಾವುದಿತ್ತು?

ಅದರ ಮುಂದಿನ ಸಲ ಮೋನಪ್ಪ ಮೌನಿಯಾಗಿ ಬಂದ. ಗ್ಯಾಲರಿಯಲ್ಲಿ ಆಟವಿಲ್ಲ, ನಗೆಯಿಲ್ಲ. ಇಲ್ಲಿಯ ಕಾಯಿಗೆ ಹಾಲಿಲ್ಲ ಎಂದ, ಇಲ್ಲಿಯ ಮೀನಿಗೆ ಮಂಜುಗಡ್ಡೆಯ ವಾಸನೆ ಎಂದ. ಕಾಂದಿವಲಿಯ ಕಾರ್ಖಾನೆಯಲ್ಲಿ ಜನ ಬೇಕಂತೆ ಎಂದು ವಾರಿಜಾ ಹೇಳಿದರೆ "ನೋಡುವ" ಎಂದ. ಆ 'ನೋಡುವ' ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಅವಳು ಮತ್ತೆ ಅದೇ ಸಾರಿಗೆ ಕೈಹಾಕಿದಳು. ಹಾಲು ಕುದಿಯುತ್ತಿತ್ತು. ಅರೆದ ಮೆಣಸನ್ನು ಕೈಗೆತ್ತಿಕೊಂಡಾಗ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ ಮೋನಪ್ಪ, ಎಲ್ಲೋ ನೋಡುತ್ತಾ ಅಂದ:

"ಮೆಣಸು ಹಾಕುವ ಮೊದಲು ಒಂದು ಸೌಟು ಬೇರೆ ತೆಗೆದಿಡು."

ವಾರಿಜಾಳ ಕೈ ನಿಂತಿತು. ಖಾರ ಬೀಳುವ ಮೊದಲು ಸಾರು ಬೇರೆ ತೆಗೆದಿಡುವುದು ಯಾರಿಗೆಂದು ಹೆಂಗಸಿಗೆ ಹೇಳಿಕೊಡಬೇಕಾಗಿಲ್ಲ. ಅವಳ ಮನೆಯಲ್ಲಿ ಎಂದೂ ಹಾಗೆ ತೆಗೆದಿಡುವ ಪ್ರಸಂಗ ಬಂದಿರಲಿಲ್ಲ.

"ಮಗು ಎಷ್ಟು ದೊಡ್ಡದುಂಟು?" ಎಂದು ಕೇಳಿದಳು.

ಮೋನಪ್ಪ ಬೆಚ್ಚಿ ಅವಳ ಮುಖ ನೋಡಿದ. ಸುಳ್ಳಿಗೆ ಬಾಯಿ ತೆರೆದ. ಅದೇಕೋ ಸುಳ್ಳು ಬರಲಿಲ್ಲ.

"ಈಗ ಈಗ ನಡೀತಾಳೆ."

"ಹೆಣ್ಣಾ?"

"ಹೌದು."

"ಹೆಸರೇನಿಟ್ಟಿದ್ದೀರಿ?"

ಅವನು ಒಲೆಯ ಕೆಂಡ ಕೆದಕಿದ. ಕೆಳಗೆ ಬೀದಿಯಲ್ಲಿ ಬಾಳೆಹಣ್ಣಿನವನು ಕೂಗಿಕೊಂಡು ಹೋದ.

"ಅಕ್ಕು" ಎಂದ.

ಅದು ಅವನ ತಾಯಿಯ ಹೆಸರು. ಮಗಳಾದರೆ ಇದೇ ಹೆಸರೆಂದು ಮದುವೆಯ ಹೊಸದರಲ್ಲಿ ವಾರಿಜಾಳ ಕೈಹಿಡಿದುಕೊಂಡು ಹೇಳಿದವನೂ ಅವನೇ. ಹೆತ್ತವ್ವನ ಹೆಸರಿಟ್ಟ ಕೂಸನ್ನು ಬಂದರದಲ್ಲಿ ಬಿಟ್ಟುಬರುವವನಲ್ಲ ಮೋನಪ್ಪ. ಅಷ್ಟು ಕೆಟ್ಟವನಲ್ಲ ಅವನು. ಅವನ ಆ ಒಳ್ಳೆಯತನವೇ ತನ್ನ ಕುತ್ತಿಗೆಗೆ ಬಂತಲ್ಲ ಎಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಮೆಣಸನ್ನು ಸಾರಿಗೆ ಹಾಕಿ ಕಲಕಿದಳು. ಇಬ್ಬರೂ ಉಂಡರು.

ಮರುದಿನ ಅವನು ಟ್ರಂಕು ಎತ್ತಿಕೊಂಡು, "ಬರ್ತೇನೆ ವಾರಿಜಾ" ಎಂದ.

"ಆಗಲಿ" ಎಂದಳು.

ಗಂಗುಬಾಯಿಗೆ ಅವಳು ಏನೂ ಹೇಳಲಿಲ್ಲ. ಕಾಂದಿವಲಿಯ ಕೆಲಸ ಏನಾಯಿತೆಂದು ಆಕೆ ಕೇಳಿದಾಗಲೆಲ್ಲ, "ಬಂದ ಮೇಲೆ ನೋಡ್ತಾರಂತೆ" ಎನ್ನುತ್ತಿದ್ದಳು. ಹಾಗೆ ಹೇಳುತ್ತಾ ಹೇಳುತ್ತಾ ಅವಳಿಗೇ ಒಂದಿಷ್ಟು ನಂಬಿಕೆ ಹುಟ್ಟಿತ್ತೆಂದು ಕಾಣುತ್ತದೆ. ಇಲ್ಲದಿದ್ದರೆ ಆ ಹಡಗು ತಿರುಗಿ ಬಂದ ದಿನ ತೆಂಗಿನಕಾಯಿ ತಂದಿಟ್ಟುಕೊಂಡು ಕಾಯುತ್ತಿರಲಿಲ್ಲ.

ಮೆಟ್ಟಿಲು ಹತ್ತಿ ಬಂದವನು ಚೆನ್ನಯ ಒಬ್ಬನೇ. ಮೋನಪ್ಪನ ಜೊತೆಗೆ ಎಂಜಿನ್ ಕೋಣೆಯಲ್ಲಿ ದುಡಿಯುವ ಹುಡುಗ, ಅದೇ ಮೂಲ್ಕಿಯವನು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ವಾರಿಜಕ್ಕ, ಮೋನಪ್ಪಣ್ಣ ಮೊಂಬಾಸಾದಲ್ಲಿ ಇಳಿದವರು ಮತ್ತೆ ಹತ್ತಲಿಲ್ಲ. ಕ್ಯಾಪ್ಟನ್ ಎರಡು ಸಲ ಜನ ಕಳಿಸಿದ್ರು..."

"ನನಗೆ ಗೊತ್ತುಂಟು. ನೀನು ಒಳಗೆ ಬಾ."

ಚೆನ್ನಯ ಒಳಗೆ ಬಂದು ಗೋಡೆಗೆ ಒರಗಿ ಕೂತ. ವಾರಿಜಾ ಅವನಿಗೆ ನೀರು ಕೊಟ್ಟಳು.

"ಆ ಮಗುವನ್ನು ನೋಡಿದ್ಯಾ?"

"ನೋಡಿದೆ ಅಕ್ಕ."

"ಯಾರ ಹಾಗೆ ಉಂಟು?"

ಚೆನ್ನಯ ತಲೆ ತಗ್ಗಿಸಿದ. "ಮೋನಪ್ಪಣ್ಣನ ಮುಖವೇ."

ವಾರಿಜಾ ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. ಆಮೇಲೆ, "ಚಂದ ಇದ್ದಾಳಲ್ಲವಾ?" ಎಂದು ಕೇಳಿದಳು, ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದಳು.