ಅಮ್ಮ ಕೂಡಿಸಲಾರದ ಜೋಡಿ

ನನ್ನ ಅಮ್ಮ ನಾಗುವಿಗೆ ಜೋಡಿ ಕೂಡಿಸುವ ಹುಚ್ಚು. ಹೊನ್ನಾವರದಿಂದ ಮುಟ್ಟಳ್ಳಿಯವರೆಗೆ ಅವಳು ಮಾಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಇಡಗುಂಜಿಗೆ ಹೋದರೂ ದೇವರಿಗಿಂತ ಮೊದಲು ಸಾಲಿನಲ್ಲಿ ನಿಂತ ಹುಡುಗರನ್ನೇ ನೋಡುವಳು. ಮೈಕಟ್ಟು, ಮನೆ, ತೆಂಗಿನ ತೋಟ ನೋಡಿ "ಆತು" ಅಂದಳೆಂದರೆ ಮುಗಿಯಿತು. ಹುಡುಗಿಯನ್ನು ಕೇಳುವ ರೂಢಿಯೇ ಅವಳಿಗಿರಲಿಲ್ಲ.

ನನ್ನನ್ನೂ ಕೇಳಲಿಲ್ಲ ಮಹಾತಾಯಿ! ಮುಟ್ಟಳ್ಳಿಯ ಒಬ್ಬ ದಪ್ಪ ಮೀಸೆಯವನಿಗೆ ಮಾತು ಕೊಟ್ಟೇಬಿಟ್ಟಳು. ನನ್ನ ಮನಸ್ಸಿನಲ್ಲಿದ್ದವನು ಪಂಪ್ ರಿಪೇರಿ ಮಾಡುವ ಕೃಷ್ಣಾನಂದ. ಹೇಳಿದೆ.

"ಆ ಕಡ್ಡಿ ಪೈಲ್ವಾನನಾ? ಸುಮ್ನಿರೇ!"

ನಾನು ಊಟ ಬಿಟ್ಟೆ, ಅವಳು ಮಾತು ಬಿಟ್ಟಳು.

ಆಗ ಮನೆಯ ಹಿಂದಿನ ಉಪ್ಪುನೀರಿನ ಹೊಂಡದಲ್ಲಿ ಅಮ್ಮ ಕರಿಮೀನು ಸಾಕಿದ್ದಳು. ಮರಿ ಮಾಡಿಸಬೇಕಿತ್ತು. ಅಲ್ಲೂ ಅದೇ ಬುದ್ಧಿ! ಗುಂಪಿನಿಂದ ಚೆಂದದ ಎರಡನ್ನು ಆರಿಸಿ ಬಲೆಯ ಗೂಡಿನೊಳಗೆ ಬಿಟ್ಟಳು. ದೊಡ್ಡದು ಇನ್ನೊಂದನ್ನು ಅಟ್ಟಾಡಿಸಿ ಕಚ್ಚಿ ಅದರ ಬಾಲ ಹರಿದುಹಾಕಿತು. "ಹೊಂದ್ಕೊಳ್ತಾವೆ ಬಿಡು" ಎಂದು ಗೊಣಗಿಕೊಂಡಳು. ಅಷ್ಟರಲ್ಲಿ ಏಡಿ ಬಲೆ ಕತ್ತರಿಸಿತು, ಎರಡೂ ಹೊರಗೆ ಬಂದವು.

ಒಂದು ಬೆಳಿಗ್ಗೆ ಅಮ್ಮನೇ ಮೌನ ಮುರಿದಳು. "ದಿವ್ಯಾ, ಇಲ್ಲಿ ಬಾರೇ."

ನೀರು ತಿಳಿಯಾಗಿತ್ತು. ಮುಳುಗಿದ್ದ ತೆಂಗಿನ ಕಾಂಡವನ್ನು ಒಂದು ಸಣಕಲು ಮೀನು ಬಾಯಿಂದ ಉಜ್ಜಿ ಉಜ್ಜಿ ಪಾಚಿ ತೆಗೆಯುತ್ತಿತ್ತು. ಬಾಲ ಹರಿದದ್ದು ಬಂದು ನೋಡಿ ಹೋಯಿತು. ಮತ್ತೆ ಬಂತು. ಕೊನೆಗೆ ತಾನೂ ಉಜ್ಜತೊಡಗಿತು. ಕೆಲವು ದಿನ ಬಿಟ್ಟು ಅಲ್ಲೇ ಮೊಟ್ಟೆ ಅಂಟಿಸಿತು. ಒಂದು ಮೀನು ರೆಕ್ಕೆ ಬೀಸಿ ಮೊಟ್ಟೆಗೆ ನೀರಾಡಿಸುವಾಗ ಇನ್ನೊಂದು ಕಾವಲು. ಆ ದೊಡ್ಡ ಮೀನು ಹತ್ತಿರ ಸುಳಿದಾಗ ಇಬ್ಬರೂ ಸೇರಿ ಓಡಿಸಿದರು. ಮೀನಿಗೆ 'ಇಬ್ಬರು' ಅಂದೆನೇ? ಇರಲಿ, ಹಾಗೇ ಕಂಡರು.

ಅಂದು ಅಮ್ಮ ಗಂಜಿಯನ್ನೂ ಮರೆತು ದಂಡೆಯಲ್ಲೇ ಕೂತಿದ್ದಳು.

"ತಾನೇ ಆರಿಸ್ಕೊಂಡಿತು ಕಾಣೇ," ಎಂದಳು. ಆ ಹರಿದ ಬಾಲವನ್ನೇ ನೋಡುತ್ತ, "ನನ್ನ ಯಾರೂ ಕೇಳ್ಲಿಲ್ಲ ಮಗಾ. ಕೇಳಿದ್ರೆ ಎಂತ ಹೇಳ್ತಿದ್ನೋ, ಅದೂ ಈಗ ಗೊತ್ತಿಲ್ಲ."

ನನಗೆ ಅಳು ಬಂತು. ಅವಳು ಎದ್ದು ಹೋಗಿ ಮುಟ್ಟಳ್ಳಿಗೆ ಫೋನ್ ಮಾಡಿದಳು. ಊರಿಡೀ ಅವಳ ಮರ್ಯಾದೆ ಇದ್ದದ್ದೇ ಕೊಟ್ಟ ಮಾತಿನಲ್ಲಿ. ಅದನ್ನು ವಾಪಸು ತೆಗೆದುಕೊಂಡು, ಆ ಕಡೆಯ ಬೈಗುಳವನ್ನೆಲ್ಲ "ಹೌದು, ನಂದೇ ತಪ್ಪು" ಎಂದು ಕೇಳಿಸಿಕೊಂಡಳು. ಆ ಒಂದು ಫೋನಿಗೆ ನಾನು ಅವಳಿಗೆ ಬದುಕಿಡೀ ಋಣಿ.

ಮರುದಿನ ಕೃಷ್ಣಾನಂದನನ್ನು ಕರೆಸಿದಳು. ಮನೆ, ತೋಟ, ಸಂಬಳ, ಒಂದನ್ನೂ ಕೇಳಲಿಲ್ಲ.

"ರಾತ್ರಿ ಮಗು ಅತ್ತರೆ ಯಾರೋ ಏಳೋದು?"

ಅವನು ತಬ್ಬಿಬ್ಬಾದ. "ಯಾರಿಗೆ ಎಚ್ಚರ ಆಯ್ತೋ ಅವ್ರು, ನಾಗಕ್ಕ."

ಅಮ್ಮನ ಬಾಯಲ್ಲಿ "ಆತು" ಬಂದೇಬಿಟ್ಟಿತ್ತು. ತಡೆದುಕೊಂಡಳು. ನನ್ನ ಕಡೆ ತಿರುಗಿ ಕೇಳಿದಳು:

"ನೀ ಎಂತ ಹೇಳ್ತೆ ಮಗಾ?"