ಕಾಲು ಮುಂದಾಗಿ ಹುಟ್ಟಿದವನ ಸಾಕ್ಷಿ

ಲಾರಿ ಡ್ರೈವರಿಗೆ ಬೆನ್ನು ನೋವು ಅಂದ್ರೆ ಅಡುಗೆಭಟ್ಟನಿಗೆ ಬೆವರು ಬಂತು ಅಂದ ಹಾಗೆ. ಯಾರೂ ತಲೆ ಕೆಡಿಸ್ಕೊಳ್ಳಲ್ಲ. ನಾನೂ ಮೂರು ವರ್ಷ ಕೆಡಿಸ್ಕೊಳ್ಳಲಿಲ್ಲ. ಎಪ್ಪತ್ತರ ದಶಕ ಮುಗಿಯೋ ಹೊತ್ತು ಅದು. ಪೀಣ್ಯದಲ್ಲಿ ಸಾಲುಸಾಲು ಶೆಡ್ಡು ಎದ್ದಿದ್ವು, ರಸ್ತೆ ಮಾತ್ರ ಇನ್ನೂ ಹೊಲಕ್ಕೆ ಹೋಗೋ ದಾರಿ. ಫೌಂಡ್ರಿಯಿಂದ ಎರಕದ ಕಬ್ಬಿಣ ತುಂಬ್ಕೊಂಡು ನಮ್ಮ ಶೆಡ್ಡಿಗೆ ತರೋದು, ಅಲ್ಲಿ ಲೇತಿಗೆ ಹಾಕಿ ಕಡೆದ ಮೇಲೆ ಮತ್ತೆ ತುಂಬ್ಕೊಂಡು ಜಾಲಹಳ್ಳಿ ಕಡೆಯ ದೊಡ್ಡ ಕಾರ್ಖಾನೆಗೆ ಮುಟ್ಟಿಸೋದು. ದಿನಕ್ಕೆ ನಾಲ್ಕು ಟ್ರಿಪ್ಪು. ಸೀಟು ಅಂದ್ರೆ ಹಲಗೆ ಮೇಲೆ ಒಂದು ಗೋಣಿಚೀಲ. ಒಂದೊಂದು ಗುಂಡಿಗೂ ಸೊಂಟದಿಂದ ಹಿಮ್ಮಡಿವರೆಗೆ ಬೆಂಕಿ ಇಟ್ಟ ಹಾಗಾಗೋದು.

ಒಂದು ದಿನ ಲಾರಿಯಿಂದ ಇಳಿಯೋಕ್ಕೇ ಆಗ್ಲಿಲ್ಲ. ಆವಾಗ ಡಾಕ್ಟರ ಹತ್ರ ಹೋದೆ. ಹೋಗೋ ಮುಂಚೆ ಇನ್ನೊಬ್ಬ ಡ್ರೈವರ್ ಬುದ್ಧಿ ಹೇಳಿದ್ದ: 'ಗುರು, ಡ್ರೈವರ್ ಅಂತ ಮಾತ್ರ ಅನ್ಬೇಡ. ಮುಲಾಮು ಬರ್ಕೊಟ್ಟು ಒಂದು ತಿಂಗ್ಳು ಮಲ್ಕೋ ಅಂತಾರೆ.' ತಿಂಗಳು ಮಲಗಿದ್ರೆ ಲಾರಿ ಬೇರೆಯವನ ಕೈಗೆ ಹೋಗುತ್ತೆ. ನಮ್ಮ ಮಾಲೀಕರು ಬಾಯಿಬಿಟ್ಟು ಹೇಳಿದ್ದರು, ಬೆನ್ನು ಸರಿಯಿಲ್ಲದವನಿಗೆ ಕೀ ಕೊಡಲ್ಲ ಅಂತ. ಹಾಗಾಗಿ ಡಾಕ್ಟರು 'ಏನ್ ಕೆಲಸ ಮಾಡ್ತೀರಿ?' ಅಂದಾಗ ನಾನು 'ಸ್ಟೋರ್ಸಲ್ಲಿ ಕೂತು ಬರೆಯೋ ಕೆಲಸ ಸಾರ್' ಅಂದೆ. ಪಾಪ, ನಂಬಿದರು. ಮಾತ್ರೆ ಬರೆದುಕೊಟ್ಟು, ಬೆರಳು ಎತ್ತಿ ಹೇಳಿದರು: 'ರಾತ್ರಿ ಊಟ ಆದ್ಮೇಲೆ ಒಂದೇ ಒಂದು. ಬೆಳಗ್ಗೆ ತಗೋಬೇಡಿ, ಮಂಪರು ಬರುತ್ತೆ. ತಗೊಂಡ ಮೇಲೆ ಸೈಕಲ್ಲೂ ತುಳೀಬೇಡಿ.' ನಾನು ಕೋಲೆಬಸವನ ಹಾಗೆ ತಲೆ ಆಡಿಸಿದೆ.

ಮೂರನೇ ದಿನದಿಂದ ಬೆಳಗ್ಗೆ ಟೀ ಜೊತೆ ನುಂಗೋಕ್ಕೆ ಶುರು ಮಾಡಿದೆ. ಆಹಾ, ಏನು ಸುಖ ಅಂತೀರಾ! ಗುಂಡಿ ಬಂದ್ರೂ ಗುಂಡಿ ಅನ್ನಿಸ್ತಿರಲಿಲ್ಲ. ತಿಂಗಳಾಗೋ ಹೊತ್ತಿಗೆ ಒಂದು ಎರಡಾಯ್ತು. ಕೈಕಾಲು ಸ್ವಲ್ಪ ತಡವಾಗಿ ಮಾತು ಕೇಳ್ತಿವೆ ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಸುಳ್ಳು ಹೇಳಲ್ಲ.

ಮಾತ್ರೆ ವಿಷಯ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡೆ. ಅದಕ್ಕೆ ನೆರವಾದವನು ನಮ್ಮ ಶೆಡ್ಡಿನ ಹಮಾಲಿ. ನಾಗಸಂದ್ರದವನು, ನನಗಿಂತ ಐದಾರು ವರ್ಷ ಚಿಕ್ಕವನು. ಅವರಪ್ಪನ ರಾಗಿ ಹೊಲ ಇಂಡಸ್ಟ್ರಿಗೆ ಅಂತ ಹೋಗಿ, ಅದೇ ಹೊಲದ ಮೇಲೆ ಎದ್ದ ಶೆಡ್ಡಲ್ಲಿ ಇವನು ಕಬ್ಬಿಣ ಹೊರ್ತಿದ್ದ. 'ಯಜಮಾನ್ರೇ, ನೀವು ಕುರ್ಚಿ ಆಕಿರೋದು ನಮ್ ಅವರೆಕಾಯಿ ಸಾಲಲ್ಲಿ' ಅಂತ ಮಾಲೀಕರನ್ನೇ ರೇಗಿಸೋ ಧೈರ್ಯ ಅವನಿಗೆ. ನಾನು ಸೊಂಟ ಹಿಡ್ಕೊಂಡು ನಿಂತಿದ್ದು ನೋಡಿ ಒಂದು ದಿನ ಅಂದ: 'ಅಣ್ಣಾ, ನಾನು ಕಾಲು ಮುಂದಾಗಿ ಉಟ್ಟಿದೋನು. ಬಗ್ಗಿ ನಿಂತ್ಕಳಿ, ಒದೀತೀನಿ.'

ನಮ್ಮ ಕಡೆ ಇದು ಗೊತ್ತಿರೋ ಮದ್ದೇ. ತಾಯಿ ಹೊಟ್ಟೆಯಿಂದ ತಲೆ ಬದಲು ಕಾಲು ಮೊದಲು ಬಂದವನು ಮೂರು ಸಲ ಒದ್ದರೆ ಹಿಡ್ಕೊಂಡಿರೋ ಬೆನ್ನು ಬಿಡುತ್ತೆ ಅಂತ. ಮೂರು ಮಂಗಳವಾರ ನಾನು ಗೋಡೆಗೆ ಕೈ ಕೊಟ್ಟು ನಿಂತೆ, ಅವನು ಕಣ್ಣು ಮುಚ್ಚಿ ಮನೆದೇವರನ್ನ ನೆನೆದು ಬಲಗಾಲಿಂದ ಮೆತ್ತಗೆ ಒದ್ದ. 'ವಾಸೀನಾ ಅಣ್ಣ?' ಅಂದ. ಅಷ್ಟೊತ್ತಿಗೆ ಮಾತ್ರೆ ಹೊಟ್ಟೇಲಿತ್ತಲ್ಲ. 'ಸಕ್ಕತ್ ವಾಸಿ ಕಣೋ!' ಅಂದೆ. ಸುದ್ದಿ ಹಬ್ಬಿತು. ಲೇತಿನವರು ಬಂದು ಒದೆಸ್ಕೊಂಡರು. ಕೊನೆಗೆ ನಮ್ಮ ಮಾಲೀಕರೇ ಪಂಚೆ ಎತ್ತಿ ಕಟ್ಟಿ ಗೋಡೆ ಹಿಡ್ಕೊಂಡು ನಿಂತರು. ಮಾಲೀಕನಿಗೆ ಕಾಲಲ್ಲಿ ಒದ್ದು ಕೈ ಮುಗಿಸಿಕೊಂಡವನು ಇಡೀ ಪೀಣ್ಯದಲ್ಲಿ ಇವನೊಬ್ಬನೇ ಇರಬೇಕು. ನಾವು ಬಿದ್ದು ಬಿದ್ದು ನಕ್ಕೆವು.

ಆವತ್ತು ಬುಧವಾರ. ಬೆಳಗ್ಗೆ ಹನ್ನೊಂದು ಗಂಟೆ ಇರಬೇಕು. ಲಾರಿ ತುಂಬಾ ಎರಕ. ಶೆಡ್ಡಿನ ಬಾಗಿಲ ಮುಂದೆ ನೆಲ ಇಳಿಜಾರು, ಲಾರಿಯ ಹ್ಯಾಂಡ್‌ಬ್ರೇಕ್ ನಂಬೋ ಹಾಗಿರಲಿಲ್ಲ. ಅದಕ್ಕೆ ನಮ್ಮದೊಂದು ಪದ್ಧತಿ: ನಾನು ರಿವರ್ಸ್ ಬರಬೇಕು, ಅವನು ಹಿಂದೆ ನಿಂತು 'ಬರ್ಲಿ ಬರ್ಲಿ' ಅನ್ನಬೇಕು, ಜಾಗ ಬಂದ ತಕ್ಷಣ 'ಓಲ್ಡಾನ್' ಅಂತ ಕೂಗಿ, ಬಗ್ಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ದಿನಕ್ಕೆ ನಾಲ್ಕು ಸಲ ಮಾಡೋ ಕೆಲಸ. ಓಲ್ಡಾನ್ ಅಂದ ಮೇಲೆ ಅಣ್ಣ ನಿಲ್ಲಿಸೇ ನಿಲ್ಲಿಸ್ತಾನೆ ಅಂತ ಅವನು ತಲೆ ಎತ್ತಿ ಕೂಡ ನೋಡ್ತಿರಲಿಲ್ಲ.

'ಓಲ್ಡಾನ್' ಅಂದ. ನನಗೆ ಕೇಳಿಸ್ತು. ಚೆನ್ನಾಗಿ ಕೇಳಿಸ್ತು. ಬ್ರೇಕ್ ಒತ್ತಬೇಕು ಅಂದುಕೊಂಡೆ, ಒತ್ತಿದ್ದೀನಿ ಅಂತಲೂ ಅಂದುಕೊಂಡೆ. ಆದ್ರೆ ಕಾಲು ಇನ್ನೂ ಅಲ್ಲೇ ಇತ್ತು. ಲಾರಿ ಇನ್ನೊಂದು ಅಡಿ ಹಿಂದಕ್ಕೆ ಹೋಯ್ತು. ಆಮೇಲೆ ಅವನು ಕೂಗಿದ ಕೂಗು ಮಾತಲ್ಲ. ಇಳಿದು ಓಡಿದೆ. ಚಕ್ರ ಅವನ ಬಲಪಾದದ ಮೇಲಿತ್ತು.

ಎರಡು ತಿಂಗಳಾದ ಮೇಲೆ ಕಂಕುಳಿಗೆ ಕೋಲು ಕೊಟ್ಕೊಂಡು ಬಂದ. ಆಸ್ಪತ್ರೇಲಿ ಅರ್ಧ ಪಾದ ತೆಗೆದಿದ್ದರು. ಮಾಲೀಕರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ನ್ಯಾಯವಾಗಿಯೇ ಮಾತಾಡಿದರು: ಡ್ರೈವರ್ ತಪ್ಪಾಗಿದ್ರೆ ಡ್ರೈವರ್ ಮನೆಗೆ, ಇವನಿಗೆ ಗೇಟಲ್ಲಿ ಕೂರೋ ವಾಚ್‌ಮನ್ ಕೆಲಸ. ಇವನದೇ ಅಜಾಗರೂಕತೆ ಆಗಿದ್ರೆ ಇವನು ಮನೆಗೆ. 'ಕಲ್ಲು ಕೊಡೋ ಮುಂಚೆ ಇವನು ಕೂಗಿದ್ನಾ ಇಲ್ವಾ?' ಅಂತ ನನ್ನನ್ನ ಕೇಳಿದರು.

'ಕೇಳಿಸ್ಲಿಲ್ಲ ಸಾರ್' ಅಂದೆ.

ಬಾಯಿಂದ ಬಂದುಬಿಡ್ತು ಅಂತ ಹೇಳಿದ್ರೆ ಅದೂ ಸುಳ್ಳೇ. ಬರೋ ದಾರೀಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಅದು. ಮಾಲೀಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. 'ಬೆನ್ನು ನೋವಿತ್ತಲ್ಲ ನಿಂಗೆ? ಅದಕ್ಕೇನಾದ್ರೂ ಔಷಧಿ ಗಿವಷಧಿ ತಗೊಂಡಿದ್ಯಾ?' ಅಂದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನನ್ನ ಕೈ ತಾನಾಗೇ ಅಂಗಿ ಜೇಬಿಗೆ ಹೋಯ್ತು. ಮಾತ್ರೆ ಅಲ್ಲೇ ಇತ್ತು. ನಾನು ಬಾಯಿ ತೆಗೆಯೋದ್ರೊಳಗೆ ಅವನೇ ನಕ್ಕ.

'ಎಂಥ ಔಸ್ದಿ ಯಜಮಾನ್ರೇ? ಅಣ್ಣನ ಬೆನ್ನು ನಾನೇ ಒದ್ದು ವಾಸಿ ಮಾಡಿಲ್ವಾ? ನಿಮ್ದೂ ವಾಸಿ ಆಗಿಲ್ವಾ?' ಅಂದ. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, 'ನಾನು ಕೂಗ್ದೆ ಅನ್ಕಂಡಿದ್ದೆ. ಅಣ್ಣಂಗೆ ಕೇಳಿಸ್ಲಿಲ್ಲ ಅಂದ್ರೆ ನಾನೇ ಕೂಗಿರಾಕಿಲ್ಲ. ಅಣ್ಣ ಸುಳ್ಳಾಡೋರಲ್ಲ' ಅಂದ.

ಮುಗೀತು. ಅವನು ಕೋಲು ಊರಿಕೊಂಡು ಗೇಟು ದಾಟಿದ. ನಾನು ಮಧ್ಯಾಹ್ನದ ಟ್ರಿಪ್ಪಿಗೆ ಹೋದೆ. ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಎಲ್ಲರೂ ಹೇಳ್ತಾರೆ. ಮೇಕೆನೇ ಬಾಯಿ ಮುಂದೆ ಚಾಚಿದ ಕಥೆ ನನ್ನದು. ಥೂ ನನ್ನ ಜನ್ಮಕ್ಕಿಷ್ಟು.

ಮಾತ್ರೆ ಆವತ್ತೇ ಚರಂಡಿಗೆ ಎಸೆದೆ. ಅದೇನು ದೊಡ್ಡ ತ್ಯಾಗ ಅಲ್ಲ ಬಿಡಿ. ಹದಿನೈದು ದಿನ ಆದ ಮೇಲೆ ಅವನ ಹೆಂಡತಿ ನಮ್ಮ ಶೆಡ್ಡಿಗೇ ಕೆಲಸಕ್ಕೆ ಬಂದಳು. ಲೇತಿನ ಕೆಳಗೆ ಬೀಳೋ ಕಬ್ಬಿಣದ ತುರಿ ಬಾಣಲೀಲಿ ತುಂಬಿ ತಲೆ ಮೇಲೆ ಹೊರೋದು. ನನ್ನನ್ನ ಕಂಡಾಗಲೆಲ್ಲ ನಿಂತು, 'ಅವ್ರು ಕೇಳ್ತಿದ್ರು ಅಣ್ಣ, ನಿಮ್ ಬೆನ್ನು ಎಂಗದೆ ಅಂತ' ಅನ್ನೋಳು. ಅವಳು ಬರೋದು ಕಂಡರೆ ನಾನು ಲಾರಿ ಆಚೆ ಪಕ್ಕಕ್ಕೆ ಹೋಗ್ತಿದ್ದೆ.

ಹೀಗೇ ನಾಲ್ಕು ವರ್ಷ. ಕೊನೆಗೆ ನನ್ನ ಬೆನ್ನು ಪೂರ್ತಿ ಕೈಕೊಟ್ಟು ಲಾರಿ ಬಿಟ್ಟೆ. ಇನ್ನು ಕಳ್ಕೊಳ್ಳೋಕೆ ಏನಿದೆ, ಈಗಾದ್ರೂ ಹೇಳಿಬಿಡೋಣ ಅಂತ ಒಂದು ಭಾನುವಾರ ನಾಗಸಂದ್ರಕ್ಕೆ ಅವನ ಮನೆಗೆ ಹೋದೆ. ಮಾಲೀಕರ ಹತ್ರ ಹೋಗಿ ನಿಜ ಹೇಳ್ತೀನಿ, ಆ ಗೇಟಿನ ಕೆಲಸ ಈಗಲೂ ಕೊಡಿಸ್ತೀನಿ ಅಂತೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಜಗಲಿ ಮೇಲೆ ಚಾಪೆ ಹಾಕಿದ. ಅವಳು ಮಜ್ಜಿಗೆ ತಂದುಕೊಟ್ಟಳು. ನಾನು ಗಂಟಲು ಸರಿ ಮಾಡ್ಕೊಂಡೆ. ಅಷ್ಟರಲ್ಲಿ ಅವನೇ ಮಾತು ತೆಗೆದ.

'ಅಣ್ಣ, ಒಂದು ಮಾತು ಎದೇಲೇ ಮಡಿಕ್ಕಂಡಿವ್ನಿ. ಆವತ್ತು ನಾನು ಜೋರಾಗಿ ಕೂಗಿದ್ರೆ ನಿಮಗೆ ಈ ಕೊರಗು ಇರ್ತಿರ್ಲಿಲ್ಲ. ಇವಳ್ನ ಕಂಡ್ರೆ ನೀವು ಮಕ ತಿರುಗಿಸ್ಕಂಡು ಓಯ್ತೀರ ಅಂತ ಇವಳು ಯೋಳ್ದಾಗ ನಂಗೆ ಗೊತ್ತಾಯ್ತು, ನೀವು ಎಷ್ಟು ನೊಂದ್ಕಂಡಿದ್ದೀರ ಅಂತ. ನಂದೇ ತಪ್ಪು ಕಣಣ್ಣ. ಕ್ಷಮಿಸಿದ್ದೀನಿ ಅಂತ ಒಂದ್ಸಲ ಬಾಯಲ್ಲಿ ಅನ್ನಿ' ಅಂತ ಕೈ ಮುಗಿದ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ದಳು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

'ಇರ್ಲಿ ಬಿಡೋ. ಆಗಿದ್ದು ಆಗೋಯ್ತು. ಕ್ಷಮಿಸಿದ್ದೀನಿ' ಅಂದೆ.